ಗಾಯಕ್ಕೆ ಎರಡು ಬಾಗಿಲು

ದಕ್ಷಿಣ ಬೆಂಗಳೂರಿನಲ್ಲಿ ದಾರಿ ಕೇಳಿದರೆ ಉತ್ತರದಲ್ಲಿ ಒಂದಾದರೂ ಆಸ್ಪತ್ರೆಯ ಹೆಸರು ಬರುತ್ತದೆ. ‘ಜಯದೇವ ಹತ್ರ ಇಳ್ಕೊಳ್ಳಿ’, ‘ನಿಮ್ಹಾನ್ಸ್ ದಾಟಿದ ಮೇಲೆ ಎಡಕ್ಕೆ’, ‘ಸಂಜಯ್ ಗಾಂಧಿ ಆಸ್ಪತ್ರೆ ಎದುರಿಗೆ’. ಹೃದಯಕ್ಕೆ ಒಂದು, ತಲೆಗೆ ಒಂದು, ಮುರಿದ ಮೂಳೆಗೆ ಒಂದು, ಕ್ಯಾನ್ಸರಿಗೆ ಕಿದ್ವಾಯಿ. ಎಲ್ಲವೂ ಕೆಲವೇ ಕಿಲೋಮೀಟರಿನೊಳಗೆ. 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದಾಗ ಜಯನಗರ ಊರಾಚೆಯ ಬಡಾವಣೆ. ಈಗ ಅದರ ಸುತ್ತ ವಾಹನಗಳೂ ಆಸ್ಪತ್ರೆಗಳೂ ಒಂದಕ್ಕೊಂದು ಅಂಟಿಕೊಂಡು ಬೆಳೆದಿವೆ.

ಬನಶಂಕರಿಯ ನಮ್ಮ ಬೀದಿಯಲ್ಲಿ ಕೆಲವು ವರ್ಷಗಳ ಹಿಂದೆ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಇಬ್ಬರಿಗೆ ಪೆಟ್ಟಾಯಿತು. ಮೂಲೆಯಲ್ಲಿ ಹೂ ಮಾರುವ ಅಮ್ಮನಿಗೆ ಸ್ಕೂಟರ್ ಗುದ್ದಿ ಬಲಗೈ ಮಣಿಕಟ್ಟು ಮುರಿಯಿತು. ಎರಡು ಮನೆ ಆಚೆಯ ನಿವೃತ್ತ ಮೇಷ್ಟ್ರಿಗೆ ಒಂದು ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶದ ಆಪರೇಷನ್ ಆದ ಮೇಲೆ ಪಿತ್ತನಾಳಕ್ಕೆ ಗಾಯವಾಗಿದೆ ಎಂದು ಬೇರೆ ಕಡೆಯ ವೈದ್ಯರು ಹೇಳಿದರು. ‘ಇದಕ್ಕೆಲ್ಲಾ ಏನಾದ್ರೂ ಕೊಡ್ತಾರಾ ಸಾರ್?’ ಎಂದು ಆಕೆ ಕೇಳಿದರು. ‘ಇದಕ್ಕೆ ಕೇಸು ನಿಲ್ಲುತ್ತೇನಪ್ಪಾ?’ ಎಂದು ಮೇಷ್ಟ್ರು ಕೇಳಿದರು. ಹೂವಿನ ಅಮ್ಮನ ಪ್ರಕರಣ ಎರಡು ವರ್ಷದೊಳಗೆ ಲೋಕ ಅದಾಲತ್‌ನಲ್ಲಿ ಇತ್ಯರ್ಥವಾಯಿತು. ಮೇಷ್ಟ್ರ ದೂರು ಗ್ರಾಹಕರ ಆಯೋಗದಲ್ಲಿ ಇಂದಿಗೂ ದಿನಾಂಕದಿಂದ ದಿನಾಂಕಕ್ಕೆ ಹೋಗುತ್ತಿದೆ. ನಾನು ವಕೀಲನಲ್ಲ, ಇತಿಹಾಸದ ಓದುಗ. ಗಾಯ ಎರಡೂ ದೇಹಕ್ಕೇ ಆದದ್ದು. ಕಾನೂನಿನ ಬಾಗಿಲು ಮಾತ್ರ ಒಂದು ಅಗಲ, ಒಂದು ಕಿರಿದು ಏಕೆ ಎಂದು ಹುಡುಕುತ್ತಾ ಹೋದೆ. ಹುಡುಕಾಟ ನಮ್ಮದೇ ನೆಲದ ಹನ್ನೆರಡನೇ ಶತಮಾನದ ಆಸುಪಾಸಿಗೆ ಹೋಗಿ ಮುಟ್ಟಿತು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯದಲ್ಲಿ ಆ ಹೆಸರು ಎಲ್ಲರಿಗೂ ಪರಿಚಿತ. ಗಾಯದ ವಿಷಯವೂ ಅಲ್ಲಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಒಬ್ಬನ ದೇಹಕ್ಕೆ ಪೆಟ್ಟು ಮಾಡಿದವನು ರಾಜನಿಗೆ ದಂಡ ಕಟ್ಟುವುದರ ಜೊತೆಗೆ ಪೆಟ್ಟು ತಿಂದವನು ಎದ್ದು ಓಡಾಡುವವರೆಗಿನ ಖರ್ಚನ್ನೂ ಕೊಡಬೇಕು. ಸ್ಮೃತಿ ಅದನ್ನು ‘ಸಮುತ್ಥಾನದ ವ್ಯಯ’ ಎನ್ನುತ್ತದೆ. ಸಮುತ್ಥಾನ ಎಂದರೆ ಮತ್ತೆ ಎದ್ದು ನಿಲ್ಲುವುದು. ಇಂದಿನ ತೀರ್ಪುಗಳಲ್ಲಿ ‘ವೈದ್ಯಕೀಯ ವೆಚ್ಚ’ ಎಂದು ಬರುವ ಕಾಲಂ ಇದೇ. ಗಾಡಿಯ ಮಾತೂ ಇದೆ. ಎತ್ತಿನ ಮೂಗುದಾರ ಕಿತ್ತು ಅಥವಾ ನೊಗ ಮುರಿದು ಅನಾಹುತವಾದರೆ ಒಡೆಯನ ತಪ್ಪಲ್ಲ. ಆದರೆ ಗಾಡಿ ಹೊಡೆಯಲು ಬಾರದವನ ಕೈಗೆ ಗಾಡಿ ಕೊಟ್ಟಿದ್ದರೆ ಒಡೆಯನೇ ದಂಡ ತೆರಬೇಕು ಎಂದು ಮನುಸ್ಮೃತಿ ಹೇಳುತ್ತದೆ. ಚಾಲಕನ ತಪ್ಪಿಗೆ ಮಾಲೀಕ ಹೊಣೆ ಎಂಬ ತತ್ವ ಮೋಟಾರಿಗಿಂತ ಬಹಳ ಹಳೆಯದು.

ವೈದ್ಯರ ವಿಷಯಕ್ಕೆ ಬಂದಾಗ ಅದೇ ಸ್ಮೃತಿಯ ಧಾಟಿ ಬದಲಾಗುತ್ತದೆ. ತಪ್ಪು ಚಿಕಿತ್ಸೆ ಮಾಡಿದ ವೈದ್ಯನಿಗೆ ದಂಡವಿದೆ: ಪ್ರಾಣಿಗಳ ವಿಷಯದಲ್ಲಾದರೆ ಕೆಳಗಿನ ದರ್ಜೆಯದು, ಸಾಮಾನ್ಯ ಮನುಷ್ಯರಾದರೆ ನಡುವಿನದು, ರಾಜನ ಕಡೆಯವರಾದರೆ ಮೇಲಿನದು. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಈ ಮೂರು ದರ್ಜೆಗಳು 270, 540, 1080 ಪಣ. ಈ ನಿಯಮ ಹೇಳುವುದು ಅರಮನೆಗೆ ಹೋಗುವ ದಂಡವನ್ನು. ರೋಗಿಯ ಕೈಗೆ ಏನು ಬರಬೇಕೆಂಬ ಮಾತು ಅದರಲ್ಲಿಲ್ಲ. ಬೀದಿಯಲ್ಲಿ ಪೆಟ್ಟು ತಿಂದವನಿಗೆ ಖರ್ಚು ಸಿಗುತ್ತದೆ, ಚಿಕಿತ್ಸೆಯಲ್ಲಿ ಕೆಟ್ಟವನಿಗೆ ಆ ಆಸರೆಯಿಲ್ಲ. ಎರಡು ಬಾಗಿಲು ಆಗಲೇ ಬೇರೆಯಾಗಿದ್ದವು.

ಆಧುನಿಕ ಕಾನೂನು ರಸ್ತೆಯ ಬಾಗಿಲನ್ನು ಹಂತಹಂತವಾಗಿ ಅಗಲ ಮಾಡಿತು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಗಾಯಾಳು ಸತ್ತರೆ ದಾವೆಯೂ ಅವನೊಂದಿಗೇ ಸಾಯುತ್ತಿತ್ತು. ಕೈಕಾಲು ಮುರಿದರೆ ಪರಿಹಾರ, ಕೊಂದೇಬಿಟ್ಟರೆ ಏನೂ ಇಲ್ಲ. ರೈಲು ಬಂದು ಸಾವುಗಳು ಹೆಚ್ಚಿದಾಗ 1846ರಲ್ಲಿ ಇಂಗ್ಲೆಂಡ್ ಇದನ್ನು ತಿದ್ದಿತು. 1855ರಲ್ಲಿ ಅದೇ ಮಾದರಿಯ ಮಾರಣಾಂತಿಕ ಅಪಘಾತಗಳ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಬಂತು. ಹಣ ಮೊದಲ ಬಾರಿಗೆ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿಯ ಕಡೆ ತಿರುಗಿತು. 1939ರ ಮೋಟಾರು ವಾಹನ ಕಾಯ್ದೆ ಮೂರನೆಯವರ ವಿಮೆಯನ್ನು ಕಡ್ಡಾಯ ಮಾಡಿತು. ಆ ಭಾಗ ಜಾರಿಯಾದದ್ದು 1946ರಲ್ಲಿ. ಇದು ದೊಡ್ಡ ತಿರುವು. ಗುದ್ದಿದವನು ಬಡವನಾದರೂ ಹಣ ಕೊಡಲು ಒಂದು ಕಂಪನಿ ಇರುತ್ತದೆ. 1956ರ ತಿದ್ದುಪಡಿಯಿಂದ ಇದಕ್ಕೆಂದೇ ನ್ಯಾಯಮಂಡಳಿಗಳು ಬಂದವು. ಬೆಂಗಳೂರಿನಲ್ಲಿ ಆ ಕೆಲಸವನ್ನು ಲಘು ವ್ಯಾಜ್ಯಗಳ ನ್ಯಾಯಾಲಯ ನೋಡಿಕೊಳ್ಳುತ್ತದೆ. 1982ರಲ್ಲಿ ಇನ್ನೊಂದು ಹೆಜ್ಜೆ: ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. ಮೊತ್ತ ಸಣ್ಣದು, ತತ್ವ ದೊಡ್ಡದು. 2019ರ ತಿದ್ದುಪಡಿಯಲ್ಲಿ ಅದು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷವಾಯಿತು.

‘ಯಾರ ತಪ್ಪು’ ಎಂಬ ಪ್ರಶ್ನೆಯ ಭಾರ ಇಳಿದಂತೆ ‘ಎಷ್ಟು ನಷ್ಟ’ ಎಂಬ ಪ್ರಶ್ನೆ ಮುಂದೆ ಬಂತು. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕಗಳನ್ನು ನಿಗದಿ ಮಾಡಿತು: 15ರಿಂದ 25 ವರ್ಷದವರಿಗೆ 18, 31ರಿಂದ 35ರವರಿಗೆ 16, ಅರವತ್ತೈದು ದಾಟಿದರೆ 5. ತಿಂಗಳಿಗೆ 12,000 ದುಡಿಯುವ 32 ವರ್ಷದವರಿಗೆ ದುಡಿಮೆಯ ಶಕ್ತಿ ನೂರಕ್ಕೆ ಇಪ್ಪತ್ತು ಹೋಯಿತೆನ್ನಿ. 12,000ವನ್ನು 12ರಿಂದ, ಅದನ್ನು 16ರಿಂದ ಗುಣಿಸಿ, ಶೇಕಡ 20 ತೆಗೆದರೆ 4,60,800 ರೂಪಾಯಿ. 2010ರ ರಾಜ್ ಕುಮಾರ್ ತೀರ್ಪು ಇದಕ್ಕೊಂದು ವಿವೇಕ ಸೇರಿಸಿತು. ಕೈ ಹೋದರೆ ಚಾಲಕನ ಅಥವಾ ಬಡಗಿಯ ಬದುಕೇ ಹೋಗುತ್ತದೆ, ಗುಮಾಸ್ತನ ಕೆಲಸ ಉಳಿಯಬಹುದು. ಆದ್ದರಿಂದ ವೈದ್ಯರು ಬರೆದ ಶೇಕಡಾವಾರನ್ನು ಹಾಗೇ ಹಿಡಿಯದೆ, ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಬೇಕು. ಹೂ ಕಟ್ಟುವವರಿಗೆ ಮಣಿಕಟ್ಟು ಎಂದರೆ ಏನು ಎಂಬುದನ್ನು ಎಕ್ಸ್‌ರೇ ಹೇಳುವುದಿಲ್ಲ.

ಆದರೆ ಹೂವಿನವರಿಗೆ ಸಂಬಳದ ಚೀಟಿ ಎಲ್ಲಿಯದು? ಈ ತೊಡಕನ್ನು ಬಿಡಿಸಿದ ತೀರ್ಪುಗಳಲ್ಲಿ ಎರಡು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು. 2011ರ ರಾಮಚಂದ್ರಪ್ಪ ಪ್ರಕರಣದಲ್ಲಿ ಗಾಯಾಳು ಕೂಲಿ ಕೆಲಸದವರು. ತಿಂಗಳಿಗೆ 4,500 ದುಡಿಯುತ್ತಿದ್ದೆ ಎಂದರೆ ಕೆಳಗಿನವರು 3,000 ಸಾಕು ಎಂದಿದ್ದರು. ಕೂಲಿಯವರು ಲೆಕ್ಕಪತ್ರ ಇಟ್ಟಿರುವುದಿಲ್ಲ, ಅವರು ಹೇಳಿದ್ದು ನಂಬುವಂತಿದ್ದರೆ ನಂಬಬೇಕು ಎಂದು ಕೋರ್ಟು 4,500ನ್ನೇ ಒಪ್ಪಿತು. 2014ರ ಸೈಯದ್ ಸಾದಿಕ್ ಪ್ರಕರಣದಲ್ಲಿ ಕಾಲು ಕಳೆದುಕೊಂಡವರು ತರಕಾರಿ ವ್ಯಾಪಾರಿ. ಅವರ ಆದಾಯಕ್ಕೆ ದಾಖಲೆ ಕೇಳುವುದೇ ಸರಿಯಲ್ಲವೆಂದು ತಿಂಗಳಿಗೆ 6,500 ಎಂದು ಹಿಡಿದು, ದುಡಿಮೆಯ ನಷ್ಟವನ್ನು ಶೇಕಡ 85 ಎಂದು ಎಣಿಸಿತು. ಇಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿಯೇ ಇದೆ. ದಾಖಲೆಯಿಲ್ಲದವರಿಗೆ ಯಾವ ವರ್ಷದ ಅಪಘಾತಕ್ಕೆ ಎಷ್ಟು ಆದಾಯ ಹಿಡಿಯಬೇಕೆಂದು. ನಮ್ಮ ಬೀದಿಯ ಹೂವಿನ ಅಮ್ಮನಿಗೆ ಲೋಕ ಅದಾಲತ್‌ನಲ್ಲಿ ನೆರವಾದದ್ದು ಆ ಪಟ್ಟಿ.

ಇಷ್ಟಕ್ಕೂ ಅವರ ಪ್ರಕರಣದ ಕಾಗದಗಳನ್ನು ಬರೆದವರು ಯಾರು? ಎಫ್‌ಐಆರ್, ಸ್ಥಳ ಮಹಜರು, ದೋಷಾರೋಪ ಪಟ್ಟಿ ಸಂಚಾರ ಪೊಲೀಸರದು. ಗಾಯದ ಪ್ರಮಾಣಪತ್ರ ಆಸ್ಪತ್ರೆಯದು; ಆ ಆಸ್ಪತ್ರೆಗೂ ಗುದ್ದಿದವನಿಗೂ ಸಂಬಂಧವಿಲ್ಲ. 2022ರಿಂದ ಜಾರಿಯಲ್ಲಿರುವ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಅಕ್ಷರ ಬಾರದವರ ಪರವಾಗಿಯೂ ಕಾಗದ ತಾನೇ ನಡೆದು ಹೋಗಬೇಕೆಂಬುದು ಉದ್ದೇಶ.

ಈಗ ಎರಡನೆಯ ಬಾಗಿಲು. ನಮ್ಮ ದೇಶದ ವೈದ್ಯಕೀಯ ನಿರ್ಲಕ್ಷ್ಯದ ಮೊದಲ ದೊಡ್ಡ ತೀರ್ಪುಗಳಲ್ಲೊಂದು ಅಪಘಾತದಿಂದಲೇ ಶುರುವಾಗುತ್ತದೆ. 1953ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲ ತೀರದಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬನ ತೊಡೆಮೂಳೆ ಮುರಿಯಿತು. ಪುಣೆಯ ವೈದ್ಯರು ಸರಿಯಾದ ಅರಿವಳಿಕೆ ಇಲ್ಲದೆ ಬಲವಾಗಿ ಎಳೆದು ಮೂಳೆ ಕೂರಿಸಿದರು. ಹುಡುಗ ತೀರಿಕೊಂಡ. ಸುಪ್ರೀಂ ಕೋರ್ಟು ತಂದೆಯ ಪರವಾಗಿ ಕೊನೆಯ ಮಾತು ಹೇಳಿದ್ದು 1968ರಲ್ಲಿ. ಹದಿನೈದು ವರ್ಷ, ಮೂರು ಸಾವಿರ ರೂಪಾಯಿ.

ಇಲ್ಲಿ ‘ಯಾರ ತಪ್ಪು’ ಎಂಬ ಪ್ರಶ್ನೆಯ ಭಾರ ಇಂದಿಗೂ ಇಳಿದಿಲ್ಲ. ಅದರ ಅಳತೆಗೋಲು 1957ರ ಲಂಡನ್ನಿನದು. ಮಾನಸಿಕ ಆಸ್ಪತ್ರೆಯೊಂದರಲ್ಲಿ ವಿದ್ಯುತ್ ಚಿಕಿತ್ಸೆಯ ವೇಳೆ ಬೋಲಮ್ ಎಂಬ ರೋಗಿಯ ಮೂಳೆ ಮುರಿಯಿತು. ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಎನ್ನುವ ಕ್ರಮವನ್ನು ಅನುಸರಿಸಿದ್ದರೆ ಅದು ನಿರ್ಲಕ್ಷ್ಯವಲ್ಲ ಎಂದಾಯಿತು, ಬೋಲಮ್ ಸೋತ. ವೈದ್ಯರನ್ನು ವೈದ್ಯರೇ ಅಳೆಯಬೇಕು ಎಂಬ ಈ ಸೂತ್ರ ನಮ್ಮ ಕೋರ್ಟುಗಳಿಗೂ ಬಂತು. ಅದರಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಎಲ್ಲ ಸಾವೂ ತಪ್ಪಲ್ಲ, ದೇಹ ಕೆಲವೊಮ್ಮೆ ಯಾರ ಮಾತೂ ಕೇಳುವುದಿಲ್ಲ. ಕ್ರಿಮಿನಲ್ ಕೇಸಿನ ಹೆದರಿಕೆಯಲ್ಲಿ ಕೈ ನಡುಗುವ ಸರ್ಜನ್ ಯಾರಿಗೂ ಬೇಡ. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಘೋರ ನಿರ್ಲಕ್ಷ್ಯಕ್ಕೆ ಮಾತ್ರ ಕ್ರಿಮಿನಲ್ ಹೊಣೆ ಎಂದದ್ದು ಅದಕ್ಕೇ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಾಗಿಲನ್ನು ಸ್ವಲ್ಪ ತೆರೆಯಿತು. ವೈದ್ಯಕೀಯ ಸೇವೆಯೂ ‘ಸೇವೆ’ಯೇ ಎಂದು 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆಗಳು ಇದರ ಹೊರಗೆ ಉಳಿದವು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣ ಒಪ್ಪಿಗೆ ಪತ್ರದ ಅರ್ಥವನ್ನು ಗಟ್ಟಿ ಮಾಡಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ. 2010ರ ಕಿಶನ್ ರಾವ್ ಪ್ರಕರಣದಲ್ಲಿ ಗಂಡ ಮಲೇರಿಯಾ ಇಲಾಖೆಯ ಅಧಿಕಾರಿ. ಚಳಿಜ್ವರವೆಂದು ಸೇರಿಸಿದ ಹೆಂಡತಿಗೆ ಟೈಫಾಯ್ಡ್ ಚಿಕಿತ್ಸೆ ನಡೆಯಿತು, ಆಕೆ ಉಳಿಯಲಿಲ್ಲ. ತಪ್ಪು ಕಣ್ಣಿಗೆ ಕಾಣುವಂತಿದ್ದರೆ ಪ್ರತಿ ಪ್ರಕರಣಕ್ಕೂ ತಜ್ಞ ವೈದ್ಯರ ಸಾಕ್ಷಿ ಬೇಕಿಲ್ಲ ಎಂದು ಕೋರ್ಟು ಹೇಳಿತು.

ಆದರೂ ಬಾಗಿಲು ಕಿರಿದಾಗಿಯೇ ಇದೆ. ನನಗೆ ಕಂಡ ಕಾರಣ ಕಾನೂನಿನ ಸೆಕ್ಷನ್‌ಗಳಿಗಿಂತ ಕಾಗದದಲ್ಲಿದೆ. ಆಸ್ಪತ್ರೆಯಲ್ಲಿ ಏನಾಯಿತು ಎಂಬುದಕ್ಕೆ ಇರುವ ಮುಖ್ಯ ದಾಖಲೆ ಕೇಸ್ ಶೀಟ್. ಅದನ್ನು ಬರೆಯುವವರು ಯಾರ ಮೇಲೆ ದೂರು ಬರಬಹುದೋ ಅವರೇ, ಇಟ್ಟುಕೊಳ್ಳುವವರೂ ಅವರೇ. ರೋಗಿ ಆ ಹೊತ್ತಿನಲ್ಲಿ ಅರಿವಳಿಕೆಯಲ್ಲಿರುತ್ತಾನೆ, ಮನೆಯವರು ಬಾಗಿಲಾಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ನಮ್ಮ ಮೇಷ್ಟ್ರಿಗೆ ಮೊದಲು ಸಿಕ್ಕಿದ್ದು ಎರಡು ಪುಟದ ಡಿಸ್ಚಾರ್ಜ್ ಸಮ್ಮರಿ ಮಾತ್ರ. ಪತ್ರದ ಮೇಲೆ ಪತ್ರ ಬರೆದ ಮೇಲೆ ಜೆರಾಕ್ಸ್ ಕಟ್ಟು ಬಂತು. ಆಪರೇಷನ್ ಟಿಪ್ಪಣಿಯ ಪುಟ ಅದರಲ್ಲಿರಲಿಲ್ಲ. ಐವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವರು, ‘ಉತ್ತರ ಪತ್ರಿಕೆ ಬರೆದವನ ಕೈಯಲ್ಲೇ ಇಟ್ಟು ಮಾರ್ಕ್ಸ್ ಹಾಕು ಅಂದ್ರೆ ಹೇಗಪ್ಪಾ?’ ಎಂದರು.

ನಿಯಮವಿಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಗ್ರಾಹಕ ದೂರಿಗೆ ಎರಡು ವರ್ಷದ ಅವಧಿಯಿದೆ. 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದಿದೆ. ಆ ಕಾಯ್ದೆ ವೈದ್ಯರಿಗೆ ಅನ್ವಯವಾಗುತ್ತದೋ ಇಲ್ಲವೋ ಎಂಬ ಗೊಂದಲವನ್ನೂ 2022ರಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಆಗುತ್ತದೆ. 2017ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕಾಯ್ದೆಯನ್ನು ಬಿಗಿ ಮಾಡಲು ಹೊರಟಾಗ ವೈದ್ಯರು ಮುಷ್ಕರ ಹೂಡಿ ಬೆಳಗಾವಿ ಅಧಿವೇಶನದ ಬಳಿ ಧರಣಿ ಕೂತದ್ದು ಎಲ್ಲರಿಗೂ ನೆನಪಿರಬಹುದು. ಕಠಿಣ ಅಂಶಗಳನ್ನು ಸಡಿಲಿಸಿದ ಮೇಲೆ ತಿದ್ದುಪಡಿ ಅಂಗೀಕಾರವಾಯಿತು. ರೋಗಿಗಳ ಹಕ್ಕುಗಳ ಪಟ್ಟಿ ಉಳಿಯಿತು.

ಕಿರಿದಾದ ಬಾಗಿಲಿನ ಬೆಲೆಯನ್ನು ವೈದ್ಯರೂ ತೆರುತ್ತಾರೆ. ಕೋರ್ಟಿಗೆ ಹೋಗಲಾರದ ಸಿಟ್ಟು ಕ್ಯಾಷುವಾಲಿಟಿಯ ಗಾಜಿನ ಮೇಲೆ, ರಾತ್ರಿ ಪಾಳಿಯ ಕಿರಿಯ ವೈದ್ಯರ ಮೇಲೆ ಬೀಳುತ್ತದೆ. ಅದನ್ನು ತಡೆಯಲು 2009ರಲ್ಲಿ ಕರ್ನಾಟಕ ಕಾಯ್ದೆಯನ್ನೇ ಮಾಡಬೇಕಾಯಿತು. ನಡೆದದ್ದೇನೆಂದು ತಿಳಿಯುವ ದಾರಿ ನೇರವಾಗಿದ್ದರೆ ತಪ್ಪು ಮಾಡದ ವೈದ್ಯರೂ ಬೇಗ ಪಾರಾಗುತ್ತಾರೆ.

ಮಿತಾಕ್ಷರೆಯ ಕಾಲದಿಂದ ಇಲ್ಲಿಯವರೆಗೆ ಚಿಕಿತ್ಸೆಯ ತಪ್ಪಿಗೆ ತೆರುವ ಹಣ ಅರಮನೆಯ ಬೊಕ್ಕಸದಿಂದ ರೋಗಿಯ ಕೈಯವರೆಗೆ ಬಂದಿದೆ. ಅದು ಸಣ್ಣ ದೂರವಲ್ಲ. ಕಾಗದ ಮಾತ್ರ ಇನ್ನೂ ಅಷ್ಟು ದೂರ ಬಂದಿಲ್ಲ. ರಸ್ತೆಯಲ್ಲಿ ಮೂರನೆಯವರೊಬ್ಬರು ಬಂದು ಮಹಜರು ಬರೆಯುವಂತೆ, ಆಸ್ಪತ್ರೆಯಲ್ಲೂ ಅನಾಹುತವಾದ ಗಳಿಗೆಯಿಂದ ದಾಖಲೆಯ ಒಂದು ಪ್ರತಿ ಮೂರನೆಯವರ ಕೈ ಸೇರುವ ಏರ್ಪಾಡಾಗಬೇಕು. ಅದು ಆಗುವವರೆಗೆ, ಮನೆಯವರನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಬರುವಾಗ, ಎಲ್ಲವೂ ಸರಿಯಾಗಿದ್ದರೂ ಕೂಡ, ಬಿಲ್ಲಿನ ಜೊತೆ ಕೇಸ್ ಶೀಟಿನ ಪೂರ್ತಿ ಪ್ರತಿಗೂ ಒಂದು ಅರ್ಜಿ ಕೊಟ್ಟು, ಅರ್ಜಿಯ ನಕಲಿನ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಳ್ಳುವುದು ಒಳ್ಳೆಯದು.