ನೆಟ್ಟ ಕೂದಲು, ಉದುರುವ ಕೂದಲು

ಹಾವೇರಿಯ ಹೊಲದಲ್ಲಿ ನೆಟ್ಟರೂ ರಾಣೆಬೆನ್ನೂರಿನಲ್ಲಿ ನೆಟ್ಟರೂ ಬ್ಯಾಡಗಿ ಮೆಣಸಿನ ಸಸಿ ತನ್ನ ತಳಿಗುಣ ಬಿಡದು. ಕೂದಲೂ ಬಹುಮಟ್ಟಿಗೆ ಹಾಗೆಯೇ. 1939ರಲ್ಲಿ ಜಪಾನಿನ ಶೋಜಿ ಒಕುಡ ಗಾಯದ ಕಲೆಗಳ ಮೇಲೆ ಕೂದಲುಳ್ಳ ಚರ್ಮದ ಚೂರುಗಳನ್ನು ನೆಟ್ಟ ವಿವರ ಪ್ರಕಟಿಸಿದರು. ಯುದ್ಧದ ಗದ್ದಲದಲ್ಲಿ ಅದು ಪಶ್ಚಿಮದ ಗಮನಕ್ಕೆ ಬರಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಹಿಂದಲೆಯ ಕೂದಲನ್ನು ಬೊಕ್ಕಾದ ಮುಂದಲೆಗೆ ನೆಟ್ಟರು. ಅದು ಅಲ್ಲಿಯೂ ಬೆಳೆಯುತ್ತಲೇ ಇತ್ತು: ಕೂದಲು ಹುಟ್ಟಿದ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು 1959ರಲ್ಲಿ ಅವರು ಬರೆದರು.

ಇದನ್ನೇ ಜಾಹೀರಾತುಗಳು ‘ಶಾಶ್ವತ’ ಎನ್ನುತ್ತವೆ. ಅರ್ಧಸತ್ಯ! ಪಕ್ಕದ ಹಳೆಯ ಕೂದಲಿನ ಬುಡಗಳು ಪುರುಷ ಹಾರ್ಮೋನಿನ ಪ್ರಭಾವಕ್ಕೆ ಸಿಕ್ಕು ಕುಗ್ಗುತ್ತಲೇ ಇರುತ್ತವೆ. ಇಪ್ಪತ್ತೈದರಲ್ಲಿ ನೆಟ್ಟ ಸಾಲು ನಲವತ್ತೈದರಲ್ಲಿ ಬಯಲಿನ ನಡುವೆ ಒಂಟಿಯಾಗಿ ನಿಲ್ಲಬಹುದು. ಹಿಂದಲೆಯ ದಾಸ್ತಾನೂ ಸೀಮಿತ. ಬುಡಸಮೇತ ತೆಗೆದಲ್ಲಿ ಮತ್ತೆ ಹುಟ್ಟದು. ಉಳಿದ ಕೂದಲು ಕಾಯಲು ವೈದ್ಯರು ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಕೊಡುವುದುಂಟು. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಉದುರುವಿಕೆ ಮರಳುತ್ತದೆ.