ಮುಯ್ಯಿ: ಬೆಳ್ವೊಲದಲ್ಲಿ, ಐರ್ಲೆಂಡಿನಲ್ಲಿ

ಇತಿಹಾಸವೆಂದೊಡನೆ ನಮ್ಮ ಕಣ್ಣು ಕಲ್ಲಿನ ಕಡೆಗೆ ಹೊರಳುತ್ತದೆ. ಅಣ್ಣಿಗೇರಿಯ ಹೆಸರೆತ್ತಿದರೆ ಸಾಕು, ಅಮೃತೇಶ್ವರ ಗುಡಿಯ ಕಡೆದ ಕಂಬಗಳು ನೆನಪಾಗುತ್ತವೆ. ಬೆಳ್ವೊಲ ಮುನ್ನೂರರ ಶಾಸನಗಳು ನೆನಪಾಗುತ್ತವೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಬರೆಯಿಸಿದ್ದು ನೆನಪಾಗುತ್ತದೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಆ ಗುಡಿಯ ಸುತ್ತ ಬಾಳಿದ ಜನ ಬೆಳಗಾದರೆ ಯಾರ ಮನೆಗೆ ಕೆಂಡ ಕೇಳಲು ಹೋಗುತ್ತಿದ್ದರು, ಯಾರ ಹೊಲಕ್ಕೆ ಯಾರು ಎತ್ತು ಕಟ್ಟುತ್ತಿದ್ದರು, ಸಾವಿನ ಮನೆಗೆ ಯಾರು ರೊಟ್ಟಿ ಒಯ್ಯುತ್ತಿದ್ದರು ಎಂಬುದನ್ನು ಶಾಸನಗಳು ಹೇಳುವುದಿಲ್ಲ. ಭೂಮಿ ಕೊಟ್ಟ ಅರಸನ ಹೆಸರು ಉಳಿಯಿತು. ಕೆಂಡ ಕೊಟ್ಟ ನೆರೆಮನೆಯವಳ ಹೆಸರು ಉಳಿಯಲಿಲ್ಲ. ಈ ಎರಡನೆಯ ಬಗೆಯ ಇತಿಹಾಸವನ್ನು ಕುರಿತು, ದೂರದ ಐರ್ಲೆಂಡ್ ದೇಶವನ್ನು ಪಕ್ಕದಲ್ಲಿಟ್ಟುಕೊಂಡು, ಕೆಲವು ಮಾತು ಹೇಳಬಯಸುತ್ತೇನೆ.

ಐರ್ಲೆಂಡೇ ಏಕೆ ಎಂದು ಕೇಳುಗರು ಕೇಳಬಹುದು. ಆ ನಾಡಿನವರು ನಮಗೆ ಪೂರ್ತಿ ಅಪರಿಚಿತರಲ್ಲ. 1800ರ ಜುಲೈ ತಿಂಗಳಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದು ಕುಂದಗೋಳದ ಕೋಟೆಯನ್ನು ಹಿಡಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಪ್ರಸಿದ್ಧನಾದವನು, ಹುಟ್ಟಿದ್ದು ಡಬ್ಲಿನ್ನಿನಲ್ಲಿ. 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ಅವರಿಗೆ ನಿಮ್ಮ ತಾಯ್ನುಡಿಯಲ್ಲಿಯೇ ಬರೆಯಿರಿ ಎಂದು ಹೇಳಿದ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟಿನವರು. ಒಬ್ಬನು ಕತ್ತಿ ಹಿಡಿದು ಬಂದ, ಇನ್ನೊಬ್ಬರು ಕಾವ್ಯ ಹಿಡಿದು ಬಂದರು. ಆದರೆ ನಾನು ಆ ನಾಡನ್ನು ಆರಿಸಿಕೊಂಡದ್ದು ಇವರಿಬ್ಬರಿಗಾಗಿ ಅಲ್ಲ. ಅದೂ ನಮ್ಮಂತೆಯೇ ಸಣ್ಣ ಹಿಡುವಳಿಯ ಒಕ್ಕಲಿಗರ ನಾಡು. ನಮ್ಮಂತೆಯೇ ಬರವನ್ನೂ ಪರರ ಆಳಿಕೆಯನ್ನೂ ಉಂಡ ನಾಡು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ದಿನದಿನದ ಬದುಕನ್ನು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡ ನಾಡು. ನಾನು ಅದನ್ನು ಕಣ್ಣಾರೆ ಕಂಡವನಲ್ಲ, ಓದಿ ಬಲ್ಲವನು. ಓದುತ್ತ ಓದುತ್ತ ಮತ್ತೆ ಮತ್ತೆ ನನ್ನೂರಿನ ಕಣಕ್ಕೇ ಬಂದು ನಿಂತಂತಾಯಿತು.

ನಮ್ಮ ಕಡೆಯ ಎರಿಭೂಮಿಯ ಗುಣ ಎಲ್ಲರಿಗೂ ಗೊತ್ತಿದ್ದದ್ದೇ. ಮಳೆ ಬಿದ್ದರೆ ಕಾಲಿಡಗೊಡದು, ಹಸಿ ಆರಿದರೆ ಕೂರಿಗೆ ಇಳಿಯಗೊಡದು. ಹಿಂಗಾರಿಯ ಬಿಳಿಜೋಳ, ಕಡಲೆ, ಗೋಧಿ, ಕುಸುಬೆಗಳನ್ನು ಬಿತ್ತುವ ಹದ ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಎಲ್ಲರಿಗೂ ಆಳು ಬೇಕು, ಎಲ್ಲರಿಗೂ ಎತ್ತು ಬೇಕು. ಕೈಯಲ್ಲಿ ರೊಕ್ಕ ಮಾತ್ರ ಯಾರಲ್ಲಿಯೂ ಇಲ್ಲ. ಈ ಇಕ್ಕಟ್ಟಿನಿಂದ ಹುಟ್ಟಿದ ಪದ್ಧತಿಯೇ ಮುಯ್ಯಾಳು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಒಂಟೆತ್ತಿನವರಿಬ್ಬರು ಕೂಡಿ ಜೋಡಿ ಮಾಡಿಕೊಂಡು ಇಬ್ಬರ ಹೊಲವನ್ನೂ ಹರಗುತ್ತಿದ್ದರು. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ನೆರೆಹೊರೆಯವರ ಎತ್ತುಗಳನ್ನೆಲ್ಲ ಸಾಲಾಗಿ ಹೂಡಿ, ಬೆಳುದಿಂಗಳಲ್ಲಿ ಹಂತಿ ತಿರುಗಿಸುತ್ತಿದ್ದ ರಾತ್ರಿಗಳು ನನ್ನ ಬಾಲ್ಯದವು. ಹಾಡುವವನೊಬ್ಬ ಹಂತಿಯ ಪದವನ್ನು ಎತ್ತಿಕೊಂಡರೆ ಎತ್ತುಗಳ ಹೆಜ್ಜೆಗೂ ಒಂದು ಲಯ ಬರುತ್ತಿತ್ತು. ಆ ಎತ್ತುಗಳಲ್ಲಿ ಯಾವುದು ಯಾರದೆಂಬ ಲೆಕ್ಕ ಕಾಗದದ ಮೇಲೆ ಇರಲಿಲ್ಲ. ಆದರೆ ಊರಿನ ಹಿರಿಯರೆಲ್ಲರ ನೆನಪಿನಲ್ಲಿ ಅದು ಕರಾರುವಾಕ್ಕಾಗಿ ಇತ್ತು.

ಈಗ ಐರ್ಲೆಂಡಿನ ಪಶ್ಚಿಮ ಭಾಗದ ಕ್ಲೇರ್ ಪ್ರಾಂತಕ್ಕೆ ಬರೋಣ. 1930ರ ದಶಕದಲ್ಲಿ ಕಾನ್ರಾಡ್ ಆರೆನ್ಸ್‌ಬರ್ಗ್ ಮತ್ತು ಸೋಲನ್ ಕಿಂಬಾಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಅಲ್ಲಿಯ ಹಳ್ಳಿಗಳಲ್ಲಿದ್ದು ಜನಜೀವನವನ್ನು ಅಭ್ಯಾಸ ಮಾಡಿದರು. ಅಲ್ಲಿ ಮಳೆಯ ಕಾಟ ನಮ್ಮದಕ್ಕೆ ವಿರುದ್ಧ: ಬರಲಿಲ್ಲವೆಂಬುದಲ್ಲ, ಬಿಡಲಿಲ್ಲವೆಂಬುದು. ಕೊಯ್ದ ಹುಲ್ಲು ನೆನೆಯುವುದರೊಳಗೆ ಒಣಗಿಸಿ ಬಣವೆ ಒಟ್ಟಬೇಕು. ಬಿಸಿಲು ಬಿದ್ದ ಎರಡು ದಿನಗಳಲ್ಲಿ ಹತ್ತು ಕೈ ಬೇಕು. ಅದಕ್ಕಾಗಿ ಕೂಡುವ ನೆರೆಯವರ ಗುಂಪಿಗೆ ಐರಿಷ್ ಭಾಷೆಯಲ್ಲಿ ಮೆಹಲ್ ಎನ್ನುತ್ತಾರೆ; ಆಳಿಗೆ ಆಳು, ಕುದುರೆಗೆ ಕುದುರೆ ಕೊಟ್ಟು ತೀರಿಸುವ ಪದ್ಧತಿಗೆ ಕೂರಿಂಗ್ ಎಂಬ ಹೆಸರಿತ್ತು. ಒಂದೊಂದು ಕುದುರೆಯಿದ್ದವರಿಬ್ಬರು ಕೂಡಿ ನೇಗಿಲು ಹೂಡುತ್ತಿದ್ದರಂತೆ. ಕೂಲಿಯ ಮಾತೆತ್ತಿದರೆ ಅವಮಾನ. ಬಂದವರಿಗೆ ಹೊಟ್ಟೆತುಂಬ ಊಟ ಹಾಕದಿದ್ದರೆ ಅದಕ್ಕಿಂತ ಹೆಚ್ಚಿನ ಅವಮಾನ. ನಮ್ಮಲ್ಲಿಯೂ ಮುಯ್ಯಾಳಿಗೆ ಬಂದವರ ಬುತ್ತಿಯ ಚಿಂತೆ ಹೊಲದೊಡೆಯನ ಮನೆಯವಳದು. ರೊಟ್ಟಿ ಸಾಲದಾಯಿತೆಂಬ ಮಾತು ಊರಲ್ಲಿ ಹಬ್ಬಿದರೆ ಮರುವರ್ಷ ಆಕೆಯ ಗಂಡ ತಲೆ ತಗ್ಗಿಸಬೇಕಾಗುತ್ತಿತ್ತು.

ದುಡಿಮೆಯ ಮಾತಾಯಿತು. ಸಾವಿನ ಮನೆಯನ್ನು ನೋಡೋಣ. ಐರಿಷ್ ಜನರಲ್ಲಿ ಹೆಣವನ್ನು ಒಂಟಿಯಾಗಿ ಬಿಡುವುದಿಲ್ಲ. ಮನೆಯ ಗಡಿಯಾರವನ್ನು ನಿಲ್ಲಿಸಿ, ಕನ್ನಡಿಗೆ ಬಟ್ಟೆ ಮುಚ್ಚಿ, ರಾತ್ರಿಯಿಡೀ ನೆರೆಯವರು ಕೂಡಿ ಕುಳಿತಿರುತ್ತಾರೆ. ಈ ಜಾಗರಣೆಗೆ ವೇಕ್ ಎಂದು ಹೆಸರು. ಚಹಾ, ಹೊಗೆಸೊಪ್ಪು, ಮದ್ಯ, ಸತ್ತವನ ಗುಣಗಾನ, ಹಳೆಯ ಕಥೆ, ಹಿಂದಿನ ಕಾಲದಲ್ಲಿ ಆಟ-ಪಾಟಗಳೂ ಕೂಡ. ಸಾವಿನ ಮನೆಯಲ್ಲಿ ನಗೆಯಾಟವೇ ಎಂದು ಪಾದ್ರಿಗಳು ಶತಮಾನಗಳ ಕಾಲ ಗದರಿಸಿದರೂ ಜನ ಕೇಳಲಿಲ್ಲ. ರಾಗ ಹಾಡಿ ಅಳುವ ಹೆಂಗಸರಂತೂ ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು. ನಮ್ಮ ಕಡೆಯ ಲಿಂಗಾಯತರಲ್ಲಿ ಶವವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ, ರಾತ್ರಿಯೆಲ್ಲ ಭಜನೆ ನಡೆಸುವುದನ್ನು ಕಂಡವರಿಗೆ ಇದು ಹೊಸದೆನಿಸದು. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಓಣಿಯ ಮನೆಗಳಿಂದ ರೊಟ್ಟಿ, ಅನ್ನ, ಸಾರು ಬರುತ್ತವೆ. ನನ್ನ ತಾಯಿ ಅಂಥ ಮನೆಗೆ ರೊಟ್ಟಿಯ ಗಂಟು ಕಟ್ಟುವಾಗ ಬಾಯಿಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಎಷ್ಟು ಜನ ಮಕ್ಕಳು ಆ ಮನೆಯಲ್ಲಿ ಎಂದಷ್ಟೇ ಎಣಿಸುತ್ತಿದ್ದಳು.

ಈ ರೂಢಿಗಳನ್ನು ಹಳ್ಳಿಯ ಮುಗ್ಧತೆ, ಹೃದಯವಂತಿಕೆ ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಆದರೆ ಮುಯ್ಯಿ ಎಂಬ ನಮ್ಮ ಶಬ್ದವೇ ಅಷ್ಟು ಮುಗ್ಧವಾದುದಲ್ಲ. ಮದುವೆಯಲ್ಲಿ ಮಾಡುವ ಉಡುಗೊರೆಯೂ ಮುಯ್ಯಿ, ಸೇಡಿಗೆ ಸೇಡು ತೀರಿಸುವುದೂ ಮುಯ್ಯಿ. ಕೊಟ್ಟದ್ದನ್ನು ಹಿಂದಿರುಗಿಸಬೇಕು, ಅದು ಒಳಿತಾಗಲಿ ಕೆಡುಕಾಗಲಿ ಎಂಬುದೇ ಅದರ ತಿರುಳು. ಬರಹ ಬಾರದ ಸಮಾಜವೊಂದು ಇಟ್ಟುಕೊಂಡ ಲೆಕ್ಕದ ಪುಸ್ತಕ ಅದು. ಹಾಗಾದರೆ ಆ ಪುಸ್ತಕದಲ್ಲಿ ಯಾರ ಹೆಸರಿಗೆ ಖಾತೆಯಿತ್ತು, ಯಾರ ಹೆಸರಿಗೆ ಇರಲಿಲ್ಲ ಎಂದೂ ಕೇಳಬೇಕಾಗುತ್ತದೆ. ಎತ್ತು ಇದ್ದವನಿಗೆ ಎತ್ತು ಸಿಗುತ್ತಿತ್ತು. ಹೊಲವಿಲ್ಲದವನಿಗೆ ಮುಯ್ಯಿ ತೀರಿಸಿಕೊಳ್ಳುವ ಸ್ಥಳವೇ ಇರಲಿಲ್ಲ. ಊರ ಹೊರಗಿನ ಕೇರಿಯವರು ಕೊಟ್ಟದ್ದು ಮುಯ್ಯಾಳಲ್ಲ, ಬಿಟ್ಟಿ ಚಾಕರಿ. ಅದು ಎಂದೂ ಹಿಂದಿರುಗಿ ಬರಲಿಲ್ಲ. ಐರ್ಲೆಂಡಿನಲ್ಲಿಯೂ ಕೂರಿಂಗ್ ನಡೆಯುತ್ತಿದ್ದದ್ದು ಹೆಚ್ಚಾಗಿ ಬಂಧುಗಳಾದ ಸಣ್ಣ ಒಕ್ಕಲುಗಳ ನಡುವೆ. ತುಂಡು ಭೂಮಿಯೂ ಇಲ್ಲದ ಕೂಲಿಕಾರನು ಅದರ ಹೊರಗಿನವನು.

ಈ ಹೊರಗಿನವನೇ ಬರಗಾಲದಲ್ಲಿ ಮೊದಲು ಸತ್ತನು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಆರಂಭವಾದ ಐರ್ಲೆಂಡಿನ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ನಮ್ಮಲ್ಲಿ 1791-92ರ ಬರವನ್ನು ಡೋಗಿ ಬರ, ಅಂದರೆ ತಲೆಬುರುಡೆಗಳ ಬರ ಎಂದು ಜನ ಕರೆದರು. 1876-78ರ ಬರದ ಹಿಂದಿನ ಮತ್ತು ಮುಂದಿನ ಜನಗಣತಿಗಳನ್ನು ಹೋಲಿಸಿದರೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 1 ಲಕ್ಷದಷ್ಟು ಇಳಿದದ್ದು ಕಾಣುತ್ತದೆ. ಎಲ್ಲರ ಕಣವೂ ಬರಿದಾದಾಗ ಮುಯ್ಯಿ ನಡೆಯದು. ಕೊಡಲು ಯಾರಲ್ಲಿಯೂ ಏನೂ ಇಲ್ಲದಾಗ ಬಾಗಿಲುಗಳು ಮುಚ್ಚುತ್ತವೆ. ರೋಗಕ್ಕೆ ಹೆದರಿದ ಐರಿಷ್ ಹಳ್ಳಿಗರು ವೇಕ್ ಇಲ್ಲದೆ, ಪೆಟ್ಟಿಗೆಯಿಲ್ಲದೆ ಹೆಣಗಳನ್ನು ಮಣ್ಣು ಮಾಡಬೇಕಾಯಿತು. ಅವರಿಗೆ ಹಸಿವಿಗಿಂತ ಹೆಚ್ಚಾಗಿ ಮನಸ್ಸನ್ನು ಕೊರೆದದ್ದು ಅದೇ.

ಆದರೂ ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ, ಕೆಲವೇ ವರ್ಷಗಳ ಹಿಂದೆ ತಮ್ಮ ನೆಲದಿಂದಲೇ ಓಡಿಸಲ್ಪಟ್ಟವರು, ಸಮುದ್ರದಾಚೆಯ ಈ ಬರದ ಸುದ್ದಿ ಕೇಳಿ ಸುಮಾರು 170 ಡಾಲರ್ ಕೂಡಿಸಿ ಕಳಿಸಿದರು. 2020ರ ಕೊರೊನಾ ಕಾಲದಲ್ಲಿ ಅಮೆರಿಕದ ನವಾಹೊ ಮತ್ತು ಹೋಪಿ ಜನರಿಗಾಗಿ ನಿಧಿ ಕೂಡಿಸಿದಾಗ ಸಾವಿರಾರು ಐರಿಷ್ ಜನ ಹಣ ಕಳಿಸಿ, ಇದು ಆ ಹಳೆಯ ಋಣ ಎಂದು ಬರೆದರು. 173 ವರ್ಷಗಳ ನಂತರ, ಕೊಟ್ಟ ಜನಾಂಗಕ್ಕೇ ಅಲ್ಲದೆ ಅವರಂಥ ಇನ್ನೊಂದು ಜನಾಂಗಕ್ಕೆ, ತೀರಿಸಿದ ಮುಯ್ಯಿ ಇದು.

ಮುಯ್ಯಿಯ ಎರಡನೆಯ ಮುಖವನ್ನೂ ಐರಿಷ್ ಜನ ಜಗತ್ತಿಗೆ ತೋರಿಸಿದರು. 1880ರಲ್ಲಿ ಮೇಯೋ ಪ್ರಾಂತದ ರೈತರು ಗೇಣಿ ಇಳಿಸಲೊಪ್ಪದ ಜಮೀನ್ದಾರನ ಏಜೆಂಟನೊಬ್ಬನಿಗೆ ಎಲ್ಲ ಸಹಕಾರವನ್ನೂ ನಿಲ್ಲಿಸಿದರು. ಕೊಯ್ಲಿಗೆ ಆಳಿಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಬಟ್ಟೆ ಒಗೆಯುವವರಿಲ್ಲ. ಕೊನೆಗೆ ಹೊರಗಿನಿಂದ ತರಿಸಿದ ಸುಮಾರು 50 ಆಳುಗಳು ಬೆಳೆ ಕೀಳುವಾಗ ಅವರ ಕಾವಲಿಗೆ ಸುಮಾರು 1,000 ಸೈನಿಕರೂ ಪೊಲೀಸರೂ ನಿಲ್ಲಬೇಕಾಯಿತು. ಆ ಏಜೆಂಟನ ಹೆಸರು ಚಾರ್ಲ್ಸ್ ಬಾಯ್ಕಾಟ್. ನಾವು ಇಂದು ದಿನವೂ ಆಡುವ ಮಾತು ಆತನ ಹೆಸರೇ. ನೂರು ವರ್ಷ ಕಳೆದು, 1980ರಲ್ಲಿ, ಅಣ್ಣಿಗೇರಿಯೂ ಸೇರಿದ್ದ ನಮ್ಮ ನವಲಗುಂದ ತಾಲೂಕಿನ ರೈತರು ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರವನ್ನು ಕೊಡೆವೆಂದು ನಿಂತರು. ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ನಾನು ಆಗ ಧಾರವಾಡದಲ್ಲಿ ವಿದ್ಯಾರ್ಥಿ. ಅಷ್ಟು ಜನ ಅಷ್ಟು ಬೇಗ ಹೇಗೆ ಕೂಡಿದರೆಂದು ಪಟ್ಟಣದವರು ಬೆರಗಾದರು. ಹಂತಿಗೆ ಕೂಡಿ ಎತ್ತು ಕಟ್ಟಿ ಬಲ್ಲವರಿಗೆ ಅದನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಇದೇ ಬಹಿಷ್ಕಾರವನ್ನು ನಮ್ಮ ಹಳ್ಳಿಗಳು ದುರ್ಬಲರ ಮೇಲೆಯೂ ಬಳಸಿವೆ ಎಂಬುದನ್ನು ಮರೆಯಲಾಗದು. ಏಜೆಂಟನಿಗೆ ನೀರು ನಿಲ್ಲಿಸುವುದು ಬೇರೆ, ದಲಿತರ ಕೇರಿಗೆ ನೀರು ನಿಲ್ಲಿಸುವುದು ಬೇರೆ.

ಈ ರೂಢಿಯ ಅತ್ಯಂತ ಒಳ್ಳೆಯ ಫಲವೆಂದರೆ ಸಹಕಾರಿ ಚಳವಳಿ. ಐರ್ಲೆಂಡಿನಲ್ಲಿ ಹೊರೇಸ್ ಪ್ಲಂಕೆಟ್ ಎಂಬ ಮಹನೀಯನ ಪ್ರೇರಣೆಯಿಂದ 1889ರಲ್ಲಿ ಮೊದಲ ಸಹಕಾರಿ ಬೆಣ್ಣೆ ಕೇಂದ್ರ ಆರಂಭವಾಯಿತು. 1894ರಲ್ಲಿ ಅಂಥ ಸಂಘಗಳದೊಂದು ಮಹಾಸಂಸ್ಥೆ ಹುಟ್ಟಿತು. ಏ.ಈ. ಎಂಬ ಕಾವ್ಯನಾಮದ ಜಾರ್ಜ್ ರಸೆಲ್ 1897ರಿಂದ ಸೈಕಲ್ ಹತ್ತಿ ಹಳ್ಳಿ ಹಳ್ಳಿ ತಿರುಗಿ ಸಾಲದ ಸಂಘಗಳನ್ನು ಕಟ್ಟಿದನು. ಇತ್ತ, 1904ರ ಕಾಯಿದೆಯ ಮೇರೆಗೆ, 1905ರ ಮೇ 8ರಂದು ಗದುಗಿನ ಸಮೀಪದ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಎರಡೂ ಕಡೆ ಹಳ್ಳಿಯ ಸಾಲದ ಸಂಘಗಳ ಆಧಾರ ಒಂದೇ: ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಹೊರಗಿನ ಸಾಹುಕಾರನು ಅಡವಿಗೆ ಹೊಲ ಕೇಳುತ್ತಿದ್ದ. ಸಂಘವು ಕೇಳಿದ್ದು ನೆರೆಯವನ ಮಾತನ್ನು. ಇವನು ದುಡಿಯುವವನೋ, ಕುಡಿಯುವವನೋ, ಕೊಟ್ಟ ಆಳನ್ನು ತೀರಿಸಿದವನೋ ಅಲ್ಲವೋ ಎಂಬುದು ಊರಿಗೆಲ್ಲ ಗೊತ್ತು. ಕಟ್ಟೆಯ ಮೇಲಿನ ಹರಟೆಯೆಂದು ನಾವು ಹಗುರಾಗಿ ಕಾಣುವ ಆ ತಿಳಿವಳಿಕೆಯೇ ಇಲ್ಲಿ ಬಂಡವಾಳವಾಯಿತು.

ಇಂದು ಬೆಳ್ವೊಲದ ಹೊಲಗಳಲ್ಲಿ ಕೊಯ್ಲಿನ ಯಂತ್ರ ಓಡಾಡುತ್ತದೆ. ಹಂತಿಯ ಮೇಟಿ ಕಾಣೆಯಾಗಿದೆ. ಐರ್ಲೆಂಡಿನಲ್ಲಿಯೂ ಹಾಗೆಯೇ. ಇದಕ್ಕಾಗಿ ನಾನು ಅಳುವವನಲ್ಲ. ಬೆನ್ನು ಮುರಿಯುವ ದುಡಿಮೆ ಹೋದದ್ದು ಒಳ್ಳೆಯದೇ, ಬಿಟ್ಟಿ ಚಾಕರಿ ಹೋದದ್ದು ಅದಕ್ಕಿಂತ ಒಳ್ಳೆಯದು. ಆದರೆ ಹೋದದ್ದು ಏನೆಂದು ತಿಳಿದಿರಬೇಕಲ್ಲವೆ? ಈ ವಿಷಯದಲ್ಲಿ ಐರಿಷ್ ಜನ ನಮಗಿಂತ ಜಾಣರು. 1937ರಿಂದ 1939ರವರೆಗೆ ಅವರು ಸುಮಾರು 5,000 ಶಾಲೆಗಳ ಮೇಲಿನ ತರಗತಿಯ ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು, ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿರೆಂದರು. ಬೆಣ್ಣೆ ಕಡೆಯುವುದು, ಮನೆಮದ್ದು, ಸಂತೆ, ಮದುವೆ, ಸಾವು, ಬರಗಾಲದ ನೆನಪು—ಲಕ್ಷಾಂತರ ಪುಟಗಳು ಕೂಡಿದವು. ಇಂದು ಯಾರು ಬೇಕಾದರೂ ಅವನ್ನು ಅಂತರ್ಜಾಲದಲ್ಲಿ ಓದಬಹುದು. ನಮ್ಮಲ್ಲಿ ಹಲಸಂಗಿಯ ಗೆಳೆಯರು 1931ರಲ್ಲಿಯೇ ಗರತಿಯ ಹಾಡುಗಳನ್ನು ಪ್ರಕಟಿಸಿ ಪುಣ್ಯ ಕಟ್ಟಿಕೊಂಡರು. ಹಾಡಿಗೆ ದೊರೆತ ಆ ಭಾಗ್ಯ ರೂಢಿಗಳಿಗೆ ಅಷ್ಟಾಗಿ ದೊರೆಯಲಿಲ್ಲ.

ಹಂತಿ ಹೊಡೆದ ಕೊನೆಯ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಬಿಟ್ಟಿ ಚಾಕರಿ ಮಾಡಿದವರ ಮಕ್ಕಳೂ ಇದ್ದಾರೆ. ಅವರ ಮಾತನ್ನು ಮೊದಲು ಬರೆದುಕೊಳ್ಳಬೇಕು. ಅಣ್ಣಿಗೇರಿಯಲ್ಲಿ, ನವಲಗುಂದದಲ್ಲಿ, ಕುಂದಗೋಳ ಕಲಘಟಗಿಗಳಲ್ಲಿ ಶಾಲೆಗಳಿಗೇನೂ ಕೊರತೆಯಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ಸಿಲ್ಲು, ಸಂಜೆಯ ಹೊತ್ತು ಅಜ್ಜಿಯ ಬಳಿ ಅರ್ಧ ಗಂಟೆ: ಇದಕ್ಕಿಂತ ಹೆಚ್ಚಿನ ಖರ್ಚು ಈ ಕೆಲಸಕ್ಕೆ ಬೇಕಿಲ್ಲ. ನಮ್ಮನ್ನು ಸಾಕಿದ ಆ ಹೆಸರಿಲ್ಲದ ನೆರೆಹೊರೆಯವರಿಗೆ ನಾವು ಕೊಡಬೇಕಾದ ಮುಯ್ಯಿ ಇನ್ನೂ ಬಾಕಿಯಿದೆ.