ಪ್ರಜಾರೋಗ್ಯದ ಲೆಕ್ಕ: ಮೈಸೂರು ಸಂಸ್ಥಾನದ ಒಂದು ಪಾಠ

1871ನೆಯ ಇಸವಿಯ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50,55,412 ಎಂದು ಕಂಡುಬಂದಿತು. 1881ರಲ್ಲಿ ಪುನಃ ಎಣಿಸಿದಾಗ ಅದು 41,86,188ಕ್ಕೆ ಇಳಿದಿದ್ದಿತು. ನಡುವೆ ಬಂದುದು 1876ರಿಂದ 1878ರ ವರೆಗಿನ ಮಹಾಕ್ಷಾಮ. ಹಸಿವಿನಿಂದ ಅಳಿದವರೆಷ್ಟು ಮಂದಿ, ಹಸಿವಿನ ಬೆನ್ನಹಿಂದೆಯೇ ಬಂದ ವಾಂತಿಭೇದಿ, ಸಿಡುಬು, ಜ್ವರಗಳಿಗೆ ತುತ್ತಾದವರೆಷ್ಟು ಮಂದಿ ಎಂಬುದನ್ನು ಬಿಡಿಸಿ ಹೇಳುವುದು ದುಸ್ಸಾಧ್ಯವಾಗಿದ್ದಿತು. ಆರರಲ್ಲೊಂದು ಪಾಲು ಜನರು ಕಡಮೆಯಾದರೆಂಬ ಸಂಗತಿಯು ನಾಡಿಗೆ ಸ್ಪಷ್ಟವಾಗಿ ತಿಳಿದುದು ಎಲ್ಲವೂ ಮುಗಿದ ಮೇಲೆ.

ಪ್ರಜೆಗಳ ಆರೋಗ್ಯವನ್ನು ಕಾಯಬೇಕಾದ ಸರ್ಕಾರವು, ಜನರು ಯಾವ ರೋಗದಿಂದ, ಯಾವ ವಯಸ್ಸಿನಲ್ಲಿ, ಎಲ್ಲಿ ಸಾಯುತ್ತಿದ್ದಾರೆಂಬುದನ್ನು ಆಗಾಗಲೇ ತಿಳಿದುಕೊಳ್ಳಬೇಕು. ಹಳ್ಳಿಗಳಲ್ಲಿ ಜನನಮರಣಗಳನ್ನು ಬರೆದಿಡುವ ಭಾರವು ಗ್ರಾಮಾಧಿಕಾರಿಗಳ ಮೇಲಿದ್ದಿತು. ವೈದ್ಯವನ್ನರಿಯದ ಅವರ ಪುಸ್ತಕಗಳಲ್ಲಿ ನಾನಾ ವ್ಯಾಧಿಗಳು ‘ಜ್ವರ’ವೆಂಬ ಒಂದೇ ಹೆಸರಿನಲ್ಲಿ ಅಡಗಿಹೋಗುತ್ತಿದ್ದುವು. ಇದು ಬರೆಯುವವನ ಕೊರತೆ. ಹೇಳಬೇಕಾದವನೇ ಬಾಯಿ ಮುಚ್ಚಿಕೊಂಡರೆ ಆಗುವ ಕೇಡು ಇದಕ್ಕಿಂತ ದೊಡ್ಡದು. ಅದನ್ನು ತೋರಿಸಿಕೊಟ್ಟುದು ಪ್ಲೇಗುಮಾರಿ.

1898ನೆಯ ಆಗಸ್ಟಿನಲ್ಲಿ ಪ್ಲೇಗು ರೈಲುದಾರಿಯನ್ನು ಹಿಡಿದು ಬೆಂಗಳೂರಿಗೆ ಬಂದಿತು. ಮನೆಮನೆಯ ತಪಾಸಣೆ, ರೋಗಿಯನ್ನು ಬಂಧುಗಳಿಂದ ಬೇರ್ಪಡಿಸಿ ಊರ ಹೊರಗಣ ಶೆಡ್ಡುಗಳಿಗೆ ಸಾಗಿಸುವುದು ಮೊದಲಾದ ಕಟ್ಟುಪಾಡುಗಳು ಜಾರಿಗೆ ಬಂದುವು. ಉದ್ದೇಶವು ಒಳ್ಳೆಯದೇ, ಆದರೆ ಜನರು ರೋಗಕ್ಕೆ ಎಷ್ಟು ಹೆದರಿದರೋ ತಪಾಸಣೆಗೂ ಅಷ್ಟೇ ಹೆದರಿದರು. ರೋಗಿಗಳನ್ನು ಒಳಕೋಣೆಯಲ್ಲಿ ಬಚ್ಚಿಟ್ಟರು, ಸಾವನ್ನು ಮರೆಮಾಚಿದರು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಈ ಕಟ್ಟುಪಾಡುಗಳ ವಿರುದ್ಧ ದೊಡ್ಡ ದೊಂಬಿಯೇ ನಡೆಯಿತು. ಮುಚ್ಚಿಟ್ಟ ರೋಗವು ಲೆಕ್ಕಕ್ಕೆ ಸಿಕ್ಕದು. ಲೆಕ್ಕಕ್ಕೆ ಸಿಕ್ಕದ ರೋಗಕ್ಕೆ ಮದ್ದಿಲ್ಲ. ಇತ್ತ ಹಳ್ಳಿಯವರು, ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುವುದನ್ನು ಅನುಭವದಿಂದ ತಾವಾಗಿಯೇ ರೂಢಿಸಿಕೊಂಡರು. ಕಾರಣವು ಮನಸ್ಸಿಗೆ ಹಿಡಿದಾಗ ಬಲಾತ್ಕಾರವು ಬೇಕಾಗಲಿಲ್ಲ.

ಪಟ್ಟಣಗಳಲ್ಲಿಯೂ ಪ್ಲೇಗು ಕಣ್ತೆರೆಯಿಸಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ಬೆಳೆದುವು. ಮೈಸೂರಿನಲ್ಲಿ ಇಕ್ಕಟ್ಟಾದ ಕೇರಿಗಳನ್ನು ಸುಧಾರಿಸುವುದಕ್ಕಾಗಿ 1903ರಲ್ಲಿ ನಗರಾಭಿವೃದ್ಧಿ ಮಂಡಲಿಯು ಏರ್ಪಟ್ಟಿತು. ಆದರೂ 1918ರ ಇನ್‌ಫ್ಲುಯೆಂಜಾ ಜ್ವರವು ನಾಡನ್ನು ಮತ್ತೊಮ್ಮೆ ಸೂರೆಗೊಂಡಿತು. 1911ರಿಂದ 1921ರ ವರೆಗೆ ಸಂಸ್ಥಾನದ ಜನಸಂಖ್ಯೆಯು ನೂರಕ್ಕೆ ಮೂರರಷ್ಟೂ ಹೆಚ್ಚಲಿಲ್ಲ.

ಇಪ್ಪತ್ತರ ದಶಕದ ಕೊನೆಯಲ್ಲಿ ಬೇರೊಂದು ದಾರಿ ತೆರೆಯಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಾಯದಿಂದ ಸಂಸ್ಥಾನವು ಆರೋಗ್ಯದ ಕೆಲಸವನ್ನು ವಿಸ್ತರಿಸಿತು. ಮಂಡ್ಯದಲ್ಲಿ ಗ್ರಾಮಾರೋಗ್ಯ ಕೇಂದ್ರವು ಸ್ಥಾಪಿತವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯ ನೀರು ಆ ಸೀಮೆಗೆ ಅನ್ನವನ್ನು ತಂದಂತೆಯೇ ಸೊಳ್ಳೆಯನ್ನೂ ಚಳಿಜ್ವರವನ್ನೂ ತಂದಿತು. ಮಲೇರಿಯಾವನ್ನು ಅಳೆಯಲು ಆ ಕಾಲದ ವೈದ್ಯರಿಗಿದ್ದ ಉಪಾಯವು ಬಹು ಸರಳವಾದುದು: ಮಕ್ಕಳ ಹೊಟ್ಟೆಯನ್ನು ಕೈಯಿಂದ ಒತ್ತಿ ನೋಡಿ, ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮವು ಊದಿಕೊಂಡಿದೆಯೆಂದು ಎಣಿಸುವುದು. ತಾಯಿಯು ಮಗುವನ್ನು ಮುಂದೆ ತಂದು ನಿಲ್ಲಿಸಿದರೆ ಮಾತ್ರ ಈ ಎಣಿಕೆ ನಡೆದೀತು. ಪ್ಲೇಗಿನ ಕಾಲದಲ್ಲಿ ರೋಗಿಯನ್ನು ಬಚ್ಚಿಟ್ಟ ಮನೆಯ ಬಾಗಿಲನ್ನು ಈಗ ನಂಬಿಕೆಯು ತೆರೆಯಬೇಕಾಗಿದ್ದಿತು.

ಇದರ ಬೆಲೆಯು ಸ್ವಾತಂತ್ರ್ಯಾನಂತರ ಮಲೆನಾಡಿನಲ್ಲಿ ಗೊತ್ತಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗರು, ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದನ್ನೂ ತಮ್ಮವರಿಗೆ ಉಗ್ರಜ್ವರ ಬರುವುದನ್ನೂ ಜೊತೆಗಿಟ್ಟು ನೋಡಿ ‘ಮಂಗನ ಕಾಯಿಲೆ’ ಎಂದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಅದೇ ವರ್ಷವೇ ಈ ಹೊಸ ವ್ಯಾಧಿಯ ವೈರಸ್ಸನ್ನು ಬೇರ್ಪಡಿಸಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ತಿಳಿಯಿತು. ವಿಜ್ಞಾನಿಯ ಸೂಕ್ಷ್ಮದರ್ಶಕಕ್ಕಿಂತ ಮೊದಲು ಕೆಲಸಮಾಡಿದುದು ಸೌದೆಗೆ ಹೋದವರ ಕಣ್ಣು.

ಕ್ಷಾಮದ ಲೆಕ್ಕವು ಸತ್ತವರನ್ನು ಎಣಿಸಿತು. ಪ್ಲೇಗಿನ ಲೆಕ್ಕವು ಭಯದಿಂದ ಕೆಟ್ಟಿತು. ಕ್ಯಾಸನೂರಿನಲ್ಲಿ ಜನರ ಮಾತೇ ಮೊದಲ ಲೆಕ್ಕವಾಯಿತು. ಆಸ್ಪತ್ರೆಗಳು ಹೆಚ್ಚಬೇಕು, ಔಷಧಗಳು ಸುಲಭವಾಗಬೇಕು, ಇದರಲ್ಲಿ ಸಂದೇಹವಿಲ್ಲ. ಆದರೆ ರೋಗಿಯ ಮನೆಯವರು ನಿರ್ಭಯವಾಗಿ ನಿಜವನ್ನು ನುಡಿಯುವಂತಾಗದೆ, ಅವು ಯಾವ ಊರಿಗೆ, ಯಾವ ಕಾಲಕ್ಕೆ ಬೇಕೆಂಬುದು ಯಾವ ಸರ್ಕಾರಕ್ಕೂ ತಿಳಿಯಲಾರದು.